ಕೂಲರ್ ಕಂಪನಿಯ ಹಸಿರು ಪರದೆ

ಹರಿಣಿ ಈಗ ಕೆಲಸ ಬಿಟ್ಟು ದೆಹಲಿಯ ರೋಹಿಣಿ ಬಡಾವಣೆಯಲ್ಲಿದ್ದಾಳೆ. ನೋಯ್ಡಾದ ಕೂಲರ್ ಕಂಪನಿಗೆ ನಾವಿಬ್ಬರೂ ಒಂದೇ ಕ್ಯಾಬಿನಲ್ಲಿ ಹೋಗಿಬರುತ್ತಿದ್ದ ದಿನಗಳು ನೆನಪಾದರೆ ನನಗೆ ಈಗಿನ ಕೆಲಸವೆಲ್ಲ ಸಪ್ಪೆ. ಅವಳು ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದ ತುಮಕೂರಿನ ಹುಡುಗಿ. ಡಬ್ಬಿಯ ಅವಲಕ್ಕಿಯನ್ನು ನನಗೂ ಡ್ರೈವರ್ ಭಯ್ಯಾನಿಗೂ ಹಂಚಿ ತಾನು ಬರೀ ಚಹಾ ಕುಡಿಯುತ್ತಿದ್ದಳು.

ಮಾಲೀಕ ಭಾಟಿಯಾ ಸಾಹೇಬರಿಗೆ ಕಂಪನಿಯ ಸ್ಥಿತಿಯೆಲ್ಲ ಒಂದೇ ಪರದೆಯಲ್ಲಿ ಕಾಣುವಂತೆ ಅವಳು ಡ್ಯಾಶ್‌ಬೋರ್ಡ್ ಕಟ್ಟಿದ್ದಳು. ಸರಿಯಿದ್ದ ವಿಭಾಗ ಹಸಿರು, ತೊಂದರೆಯಲ್ಲಿದ್ದದ್ದು ಕೆಂಪು. ಬಣ್ಣ ಹಚ್ಚುವವರು ಆಯಾ ವಿಭಾಗದ ಮುಖ್ಯಸ್ಥರು. ನಮ್ಮ ಮಹಾನುಭಾವರಿಗೆ ಇನ್ನೇನು ಬೇಕು! ಸಾಹೇಬರ ಬೆಳಗಿನ ಚಹಾ ಕೆಡಿಸಬಾರದೆಂಬುದು ಅಲ್ಲಿನ ಹಳೆಯ ಪದ್ಧತಿ. ಎಲ್ಲರೂ ಹಸಿರು ಹಚ್ಚಿ ತೆಪ್ಪಗೆ ಕೂತರು.

ಏಪ್ರಿಲ್ ಬಂತು, ದೆಹಲಿ ಕಾದ ಬಾಣಲೆಯಾಯಿತು. ಮೋಟರ್ ಸಿಗದ ಕೂಲರ್‌ಗಳು ಗೋದಾಮಿನ ತುಂಬ ನಿಂತಿದ್ದರೂ ಪರದೆ ಹಚ್ಚಹಸಿರು. ಅಂಗಡಿಯವರ ಫೋನಿನಿಂದ ವಿಷಯ ತಿಳಿದ ಸಾಹೇಬರು ಕೆಂಡವಾದರು. ಬರುವ ಸೋಮವಾರದಿಂದ ಆ ಡ್ಯಾಶ್‌ಬೋರ್ಡ್ ಬಂದ್ ಎಂದುಬಿಟ್ಟರು.

ಹರಿಣಿಯ ಎರಡು ವರ್ಷದ ದುಡಿಮೆ ಅದು. ಸಂಜೆ ಮನೆಗೆ ಬರುವಾಗ ಕ್ಯಾಬಿನಲ್ಲಿ ಅತ್ತಳು.

"ಆ ಮುಖ್ಯಸ್ಥರಿಗೆ ನಾಲ್ಕು ಮಾತು ಅಂದುಬಿಡೇ," ಎಂದೆ ನಾನು.

"ಅವರನ್ನ ಅಂದು ಏನು ಬಂತು? ಕೆಂಪು ಹಚ್ಚಿದವರಿಗೆ ಬೈಗುಳ, ಹಸಿರು ಹಚ್ಚಿದವರಿಗೆ ಶಾಭಾಸ್. ನೀನಾಗಿದ್ರೆ ಯಾವುದು ಹಚ್ತಿದ್ದೆ?"



ಮರುದಿನ ಸಾಹೇಬರ ಕೋಣೆಗೆ ಹೋಗಿ ಕೇಳಿದಳಂತೆ: "ಸರ್, ಸೋಮವಾರದ ತನಕ ಕೆಂಪು ಕಂಡರೆ ಬೈಬೇಡಿ. ಏನು ಬೇಕು ಅಂತ ಮಾತ್ರ ಕೇಳಿ." ಅವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಹೊರಗೆ ಬಂದವಳೇ ತನ್ನ ವಿಭಾಗಕ್ಕೆ ತಾನೇ ಕೆಂಪು ಹಚ್ಚಿದಳು. ಕಾರಣದ ಜಾಗದಲ್ಲಿ "ನಮ್ಮ ಪರದೆ ಸುಳ್ಳು ಹೇಳುತ್ತಿದೆ" ಎಂದು ಬರೆದಳು.

ಅಂದಿನ ಮೀಟಿಂಗಿನಲ್ಲಿ ಎಲ್ಲರ ಮುಂದೆ ಸಾಹೇಬರು ಅದನ್ನು ಓದಿದರು. ಹುಬ್ಬು ಗಂಟಾಯಿತು. ಇವಳ ಕೆಲಸ ಹೋಯಿತೆಂದುಕೊಂಡೆ. ಅವರು ಬಾಯಿಗೆ ಬಂದದ್ದನ್ನು ಕಷ್ಟಪಟ್ಟು ನುಂಗಿಕೊಂಡು, "ಅಚ್ಛಾ, ಏನು ಬೇಕು?" ಎಂದರು.

"ಇದೇ ಪ್ರಶ್ನೆ ಬೇಕು ಸರ್," ಎಂದಳು ಹರಿಣಿ. " ದಿನಾ, ಎಲ್ಲರಿಗೂ."

ಸೋಮವಾರ ಪರದೆ ತೆರೆದರೆ ಖರೀದಿ ಕೆಂಪು, ಸಾಗಣೆ ಕೆಂಪು, ಮಾರಾಟ ಕೆಂಪು. ಬಂದ್ ಮಾಡುವ ಮಾತೇ ಯಾರೂ ಎತ್ತಲಿಲ್ಲ. ಸಾಹೇಬರು ಖರೀದಿಯವರ ಪಕ್ಕ ಕುರ್ಚಿ ಎಳೆದುಕೊಂಡು ಮೋಟರಿಗಾಗಿ ತಾವೇ ಫೋನ್ ಮಾಡುತ್ತಿದ್ದರು. ಹರಿಣಿ ನನ್ನ ಕೈ ಗಟ್ಟಿಯಾಗಿ ಹಿಡಿದು, "ನೋಡೇ, ಒಂದಾದ್ರೂ ಹಸಿರಿಲ್ಲ!" ಎಂದು ಸಂತೋಷಕ್ಕೆ ಬಿಕ್ಕಿ ಬಿಕ್ಕಿ ಅತ್ತಳು.