ಮುಟ್ಟದೆ ಔಟಾದವನು

ಔಟ್ ಅಂತೆ ಔಟ್! ಇಷ್ಟು ವರ್ಷವಾದ ಮೇಲೂ ಆ ಮಾತು ಕಿವಿಗೆ ಬಿದ್ದರೆ ಮೈಯೆಲ್ಲ ಉರಿಯುತ್ತದೆ. ಮೊಮ್ಮಕ್ಕಳು ಅಂಗಳದಲ್ಲಿ ಆಡುವಾಗ ಯಾರಾದರೂ ಹಾಗೆ ಕೂಗಿದರೆ, "ಯಾರು ನೋಡ್ಯಾರಲೇ? ನೀ ನೋಡೀಯೇನು?" ಎಂದು ಒಳಗಿನಿಂದಲೇ ಗದರುತ್ತೇನೆ. ಮಾವನಿಗೆ ಅರಳುಮರಳು ಎಂದು ಸೊಸೆ ನಗುತ್ತಾಳೆ. ನಗಲಿ. ಅವಳೇನು ಆ ಮೈದಾನದಲ್ಲಿ ನಿಂತಿದ್ದಳೇ?

ಅದು ನಿಜಾಮರ ಕಾಲ. ಲಿಂಗಸುಗೂರಿನ ದಂಡಿನ ಛಾವಣಿಯಲ್ಲಿ ಹಿಂದೆ ಪಲ್ಟನ್ನು ಕವಾಯತು ಮಾಡುತ್ತಿದ್ದ ಬಯಲೇ ನಮ್ಮ ಶಾಲೆಯ ಮೈದಾನ. ನಮ್ಮ ಡ್ರಿಲ್ ಮಾಸ್ತರರು ಮದರಾಸಿಗೆ ತರಬೇತಿಗೆ ಹೋದವರು ಬೇಸ್‌ಬಾಲ್ ಎಂಬ ಹೊಸ ಆಟ ಕಲಿತು ಬಂದಿದ್ದರು. ದಾಂಡು ಅಂದರೆ ಬಡಿಗ ಕೆತ್ತಿಕೊಟ್ಟ ಜಾಲಿಕಟ್ಟಿಗೆ. ನಾಲ್ಕು ಮೂಲೆಗೆ ಹಾಸಿದ ಗೋಣಿಚೀಲಕ್ಕೆ ನಾವು 'ಮನಿ' ಎನ್ನುತ್ತಿದ್ದೆವು. ಚೆಂಡು ಬಡಿದು, ಮನೆಯಿಂದ ಮನೆಗೆ ಓಡಿ, ಹೊರಟ ಮನೆಗೇ ತಿರುಗಿ ಬಂದು ಮುಟ್ಟಿದರೆ ಒಂದು ರನ್ನು. ನಡುದಾರಿಯಲ್ಲಿ ಯಾರಾದರೂ ಚೆಂಡು ಹಿಡಿದ ಕೈಯಿಂದ ಮುಟ್ಟಿದರೆ ಔಟ್. ಮುಟ್ಟಿದರೋ ಇಲ್ಲವೋ ಎಂದು ಹೇಳುವವರು ಅಂಪೈರ್, ಅಂದರೆ ಅದೇ ಮಾಸ್ತರರು.

ಚೆಂಡು ಹೊಲಿದವನು ನಮ್ಮಪ್ಪ. ಊರಿನ ಚಪ್ಪಲಿ, ಬಾರುಕೋಲು, ಚರ್ಮದ್ದು ಏನಿದ್ದರೂ ನಮ್ಮ ಕೇರಿಯ ಕೆಲಸವೇ. ಅಪ್ಪ ಹೊಲಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ನನ್ನನ್ನು ಮಾತ್ರ ಯಾರೂ ಮುಟ್ಟುತ್ತಿರಲಿಲ್ಲ. ಕ್ಲಾಸು ನಡೆಯುವಾಗ ನನ್ನ ಜಾಗ ಬಾಗಿಲ ಹೊರಗಿನ ಕಟ್ಟೆ. ಮೈದಾನಕ್ಕೆ ಬಾಗಿಲಿಲ್ಲವಲ್ಲ, ಹಾಗಾಗಿ ಆಟಕ್ಕೆ ನನ್ನನ್ನೂ ಸೇರಿಸಿಕೊಂಡರು. ಮೊದಲ ದಿನವೇ ಹುಡುಗರು ತಕರಾರು ತೆಗೆದರು.

"ಇವನ್ನ ಹೆಂಗ ಮುಟ್ಟೋದ್ರೀ, ಮಾಸ್ತರ್ರ?"

"ಇವಗ ಚೆಂಡು ಒಗದು ಬಡೀರಿ. ಬಡೀತು ಅಂದ್ರ ಔಟ್."

ಎಲ್ಲರಿಗೂ ಒಂದು ಕಾಯ್ದೆ, ನನಗೊಂದು! ಬೆನ್ನ ಮೇಲೆ ಬಾಸುಂಡೆ ಎದ್ದವು. ಅವ್ವ ಎಣ್ಣೆ ಹಚ್ಚುತ್ತ ಬೈಯುತ್ತಿದ್ದಳು. ಆದರೆ ಓಡುವವನಿಗೆ ಗುರಿ ಇಟ್ಟು ಹೊಡೆಯುವುದೇನು ಹುಡುಗಾಟವೇ? ನಾನು ಬಗ್ಗುವುದು ಕಲಿತೆ, ವಾಲುವುದು ಕಲಿತೆ. ಕೊನೆಕೊನೆಗೆ ಹತ್ತು ಸಲ ಒಗೆದರೂ ಒಂದು ತಗಲುತ್ತಿರಲಿಲ್ಲ. ಅವರ ಮಡಿಯೇ ನನ್ನನ್ನು ಶಾಲೆಗೆಲ್ಲ ಒಳ್ಳೆಯ ಓಟಗಾರನನ್ನಾಗಿ ಮಾಡಿತು.

ಆಮೇಲೆ ರಾಯಚೂರಿನಲ್ಲಿ ಪಂದ್ಯವೆಂದು ಸುದ್ದಿ ಬಂತು. ತಂಡ ಆರಿಸಲು ನಮ್ಮನಮ್ಮಲ್ಲೇ ಎರಡು ಪಾಲು ಮಾಡಿ ಆಡಿಸಿದರು. ಮಾಸ್ತರರು ಎಲ್ಲರ ಮುಂದೆ ಹೇಳಿದರು: "ರಾಯಚೂರಾಗ ಒಗದು ಬಡಿಯೋದು ನಡಿಯಂಗಿಲ್ಲ. ಇವತ್ತ ಎಲ್ಲಾರ್ಗೂ ಒಂದ ಕಾಯ್ದೆ. ಮುಟ್ಟಿದ್ರನ ಔಟ್." ಆಮೇಲೆ ನನ್ನ ಕಡೆ ತಿರುಗಿ, "ನೀ ಇವತ್ತ ಒಂದು ಸುತ್ತು ಪೂರಾ ಓಡಿ ಬಾ. ರಾಯಚೂರಿಗೆ ನಿನ್ನ ಜಾಗ ಪಕ್ಕಾ," ಎಂದರು.

ರಾಯಚೂರು! ಆ ಊರು ನೋಡುವ ಆಸೆಯಲ್ಲ ನನಗಿದ್ದದ್ದು. ಅಲ್ಲಿ ನಾನು ಯಾರ ಮಗನೆಂದು ಯಾರಿಗೂ ಗೊತ್ತಿರಲಿಲ್ಲ. ಅಲ್ಲಿ ನನ್ನನ್ನು ಔಟ್ ಮಾಡಬೇಕೆಂದರೆ ಮುಟ್ಟಲೇಬೇಕು. ಯಾವುದೋ ಊರಿನ ಹುಡುಗ ನನ್ನ ಬೆನ್ನಿಗೆ ಕೈ ಹಚ್ಚುವುದನ್ನು ಎಣಿಸಿಕೊಂಡೇ ನನಗೆ ಖುಷಿಯಾಗುತ್ತಿತ್ತು. ಅದೂ ಒಂದು ಆಸೆಯೇ ಎಂದು ನೀವು ನಗಬಹುದು.

ಅವತ್ತು ಚೆಂಡು ಚೆನ್ನಾಗಿಯೇ ಬಡಿದೆ. ಮೂರು ಮನೆ ದಾಟಿದೆ. ಕೊನೆಯ ಮನೆ ಕಾಯುತ್ತಿದ್ದವನು ಸಂತೆಕಲ್ಲೂರಿನ ಗೌಡರ ಮನೆಯ ಹುಡುಗ. ಅವನ ಕಾಕಾ ಮಸ್ಕಿಯಿಂದ ಬಂದವರು ಮೈದಾನದ ಬದಿಗೆ ಬಂಡಿ ನಿಲ್ಲಿಸಿಕೊಂಡು ನೋಡುತ್ತಿದ್ದರು. ನಾನು ಹತ್ತಿರ ಬರುವಷ್ಟರಲ್ಲಿ ಚೆಂಡು ಅವನ ಕೈಗೆ ಬಂದಿತ್ತು. ಅವನು ಕೈ ಚಾಚಿದ. ನನ್ನ ಮುಖ ನೋಡಿದ. ಕಾದ ಹಂಚಿಗೆ ಕೈ ಹೋದವನ ಹಾಗೆ ಸರಕ್ಕನೆ ಹಿಂದಕ್ಕೆಳೆದುಕೊಂಡ. ನಾನು ಗೋಣಿಯ ಮೇಲೆ ಕಾಲಿಟ್ಟೆ.

"ಔಟ್!"

"ಮುಟ್ಟಿಲ್ರೀ ಮಾಸ್ತರ್ರ!" ಎಂದು ಚೀರಿದೆ.

"ಮುಟ್ಯಾನ. ನಾ ನೋಡೀನಿ. ನಡಿ ಹೊರಗ."

ಮೈದಾನದ ಅಂಚಿನಲ್ಲಿ ನಮ್ಮ ದೊಡ್ಡವ್ವ ಹುಲ್ಲು ಕೊಯ್ಯುತ್ತಿದ್ದಳು. ಬಾಯಿ ಅಂದರೆ ಬಾಯಿ ಅವಳದು. ಕುಡುಗೋಲು ಹಿಡಿದುಕೊಂಡೇ ಎದ್ದು ನಿಂತಳು. "ಅಯ್ಯ ಶಿವನ! ಗೌಡ್ರ ಮನಿ ಹುಡುಗ ನಮ್ಮ ಹುಡುಗನ್ನ ಮುಟ್ಯಾನಂತ! ಇವತ್ತ ಮಳಿ ಬರ್ತದ ನೋಡ್ರೆವ್ವಾ!"

ಕಾಕಾನ ಮುಖ ಕಪ್ಪಿಟ್ಟಿತು. ಬಂಡಿಯಿಂದ ಧುಮುಕಿ ಬಂದರು. "ಏನಲೇ, ಮುಟ್ಟೀಯೇನು ಅವನ್ನ?"

"ಇಲ್ಲ ಕಾಕಾ! ನಿನ್ನಾಣಿ ಇಲ್ಲ! ಕೈ ಹಿಂದಕ್ಕ ತಗೊಂಡೀನಿ. ಗೇಣ ದೂರಿತ್ತು!"

ನನಗೆ ಹೋದ ಜೀವ ಬಂದಂತಾಯಿತು. ಇಡೀ ಮೈದಾನ ಕೇಳಿಸಿಕೊಂಡಿತ್ತು. "ಕೇಳಿದ್ರಿಲ್ರೀ ಮಾಸ್ತರ್ರ? ಅವನ ಹೇಳಾಕತ್ಯಾನ!" ಎಂದೆ. ಮಾಸ್ತರರು ನನ್ನನ್ನು ನೋಡಲಿಲ್ಲ, ಕಾಕಾನನ್ನೂ ನೋಡಲಿಲ್ಲ, ನೆಲ ನೋಡಿದರು. "ಅಂಪೈರ್ ಹೇಳಿದ್ದು ಹೇಳಿದ್ದ. ಫೈಸಲಾ ಬದಲಾಗಂಗಿಲ್ಲ," ಎಂದರು.

ಕಾಕಾನಿಗೆ ಅಷ್ಟೇ ಸಾಕಾಯಿತು. ಮಾಸ್ತರರೇ ಮುಟ್ಯಾನ ಅಂದ ಮೇಲೆ ಮುಟ್ಟಿದಂತೆಯೇ. ಹುಡುಗನ ಕಿವಿ ಹಿಡಿದು ಬಾವಿಗೆ ಎಳೆದುಕೊಂಡು ಹೋಗಿ, ಅಂಗಿ ಸಮೇತ ತಲೆಯ ಮೇಲೆ ಕೊಡಗಟ್ಟಲೆ ನೀರು ಸುರಿದರು. "ಮುಟ್ಟಿಲ್ಲ ಕಾಕಾ, ಮುಟ್ಟಿಲ್ಲ," ಎಂದು ಅವನು ನಡುಗುತ್ತಾ ಅಳುತ್ತಿದ್ದ. ಅವತ್ತು ಆಟದವರಲ್ಲಿ ನಿಜ ಹೇಳಿದವರು ನಾವಿಬ್ಬರೇ. ಅವನು ತೊಯ್ದ, ನಾನು ಔಟಾದೆ. ಸುಳ್ಳು ಹೇಳಿದವರು ಸೀಟಿ ಕೊರಳಿಗೆ ಹಾಕಿಕೊಂಡು ಆಟ ಮುಂದುವರಿಸಿದರು!

ಹೊತ್ತು ಮುಳುಗುವ ಮುಂಚೆ ಅದೇ ಮಾಸ್ತರರು ನಮ್ಮ ಕೇರಿಯ ಮೊದಲಿಗೆ ಬಂದು, ಅಪ್ಪ ಕೂತು ಕೆಲಸ ಮಾಡುತ್ತಿದ್ದ ಬೇವಿನ ಮರದ ಕೆಳಗೆ ನಿಂತರು. ಚೆಂಡಿನ ಹೊಲಿಗೆ ಬಿಚ್ಚಿತ್ತು. ಅದನ್ನು ಅಪ್ಪನ ಮುಂದೆ ಉರುಳಿಸಿ, "ನಾಳೆ ರಾಯಚೂರಿಗೆ ಬೇಕು, ಈಗ ಹೊಲದು ಕೊಡು," ಎಂದರು.

ಅಪ್ಪ ಸೂಜಿಗೆ ದಾರ ಪೋಣಿಸುತ್ತ ಮೆಲ್ಲಗೆ ಕೇಳಿದ. "ಆ ಹುಡುಗ ಮುಟ್ಟಿದ್ನೇನ್ರೀ?"

ಮಾಸ್ತರರು ಆಚೀಚೆ ನೋಡಿದರು. "ಇಲ್ಲ. ಮುಟ್ಟಿಲ್ಲ ಅಂದಿದ್ರ, ಯಾಕ ಮುಟ್ಟಲಿಲ್ಲ ಅಂತ ಕೇಳಬೇಕಾಗ್ತಿತ್ತು. ಗೌಡ್ರ ಮುಂದ ನಾ ಅದನ್ನ ಹೆಂಗ ಕೇಳಲಿ?"

"ಈ ಮಾತು ಮೈದಾನದಾಗ ಬಂದು ಹೇಳ್ರಿ!" ಎಂದು ನಾನು ಕೂಗಿಬಿಟ್ಟೆ.

"ಸುಮ್ನಿರಲೇ," ಎಂದ ಅಪ್ಪ. ಹೊಲಿದ. ಬಿಗಿಯಾಗಿ, ಚೆಂದಾಗಿಯೇ ಹೊಲಿದ. ಅದಕ್ಕೂ ನನಗೆ ಸಿಟ್ಟು ಬಂತು. ಅಪ್ಪ ಎದ್ದು ನಿಂತು ಚೆಂಡು ಚಾಚಿದ. ಮಾಸ್ತರರ ಕೈ ಮುಂದೆ ಬಂತು. ಗೇಣು ದೂರ ಇರುವಾಗ ಹಿಂದಕ್ಕೆ ಹೋಯಿತು.

"ಆ ಕಲ್ಲಿನ ಮ್ಯಾಲಿಡು," ಎಂದರು.

ಅಪ್ಪ ಇಟ್ಟ. ಅವರು ಎತ್ತಿಕೊಂಡು ಹೋದರು. ಮರುದಿನ ಆ ಚೆಂಡು ರಾಯಚೂರಿಗೆ ಹೋಯಿತು.