ಕಾನೂನು ಬಂದ ಬೇಸಿಗೆ

ನಾನು ಹೆತ್ತದ್ದು ಮಗಳನ್ನು. ಹದಿನಾಲ್ಕನೆಯ ವಯಸ್ಸಿನಲ್ಲಿ ಆ ಮಗು ತಾನು ಹುಡುಗನೆಂದು ಹೇಳಿತು. ಎರಡು ವರ್ಷ ಕೌನ್ಸೆಲಿಂಗ್ ಆದ ಮೇಲೆ, ನಮ್ಮೂರು ಸುವಾನಿಯ ವೈದ್ಯರು ಹಾರ್ಮೋನ್ ಚಿಕಿತ್ಸೆ ಶುರುಮಾಡಬಹುದು ಎಂದರು. ನಾನೇ ಹೆದರಿ ಮುಂದೂಡಿದೆ. ಅಷ್ಟರಲ್ಲಿ ಅಮೆರಿಕದಲ್ಲಿ ನಾವಿದ್ದ ಜಾರ್ಜಿಯಾ ರಾಜ್ಯದಲ್ಲಿ ಕಾನೂನು ಬಂತು. ಹದಿನೆಂಟು ತುಂಬದವರಿಗೆ ಹೊಸದಾಗಿ ಹಾರ್ಮೋನ್ ಕೊಡುವಂತಿಲ್ಲ, ಮೊದಲೇ ಶುರುಮಾಡಿದವರು ಮಾತ್ರ ಮುಂದುವರಿಸಬಹುದು.

"ಅಮ್ಮ, ನೀನು ವೇಟ್ ಮಾಡು ಅಂದೆ. I waited," ಎಂದಷ್ಟೇ ಹೇಳಿ ಮಗ ಕೋಣೆಯ ಬಾಗಿಲು ಹಾಕಿಕೊಂಡ.

ವರ್ಜೀನಿಯಾ ರಾಜ್ಯದ ಶ್ಯಾಂಟಿಲಿಯಲ್ಲಿದ್ದ ನನ್ನ ಅಕ್ಕನಿಂದ ಇದನ್ನೆಲ್ಲ ಮುಚ್ಚಿಟ್ಟಿದ್ದೆ. ಅಂದು ಫೋನ್ ಮಾಡಿ ಹೇಳಿಬಿಟ್ಟೆ.

"ನಂಗಿದು ಸರಿ ಅನ್ಸಲ್ಲ ಕಣೇ," ಎಂದಳು. "ಆದ್ರೂ ಇಲ್ಲಿ ಆ ಕಾನೂನಿಲ್ವಲ್ಲ, ಇಲ್ಲೇ ಡಾಕ್ಟರ್‌ಗೆ ತೋರ್ಸು. ಹೋಟೆಲ್ ಬುಕ್ ಮಾಡ್ಬೇಡ, ಮನೆಗೇ ಬನ್ನಿ."

ಹತ್ತು ಗಂಟೆ ಡ್ರೈವ್ ಮಾಡಿದೆವು. ಬಾಗಿಲು ತೆರೆದ ಅಕ್ಕ ಅವನನ್ನು ನೋಡಿ ಒಂದು ಕ್ಷಣ ತಡವರಿಸಿದಳು.

"ಬಾರೋ, ಒಳಗೆ ಬಾ," ಎಂದಳು. ಹುಟ್ಟಿದಾಗಿನಿಂದ ಅವಳು ಅವನನ್ನು 'ಬಾರೇ' ಎಂದೇ ಕರೆಯುತ್ತಿದ್ದವಳು. ಮಗ ತಲೆ ತಗ್ಗಿಸಿಕೊಂಡು ಅತ್ತುಬಿಟ್ಟ.

ಹಲವು ಭೇಟಿಗಳ ನಂತರ ಅಲ್ಲಿ ಚಿಕಿತ್ಸೆ ಶುರುವಾಯಿತು. ಅವನಿಗೆ ಹದಿನೆಂಟು ತುಂಬುವವರೆಗೂ ಅಲ್ಲೂ ಅಂಥ ಕಾನೂನು ಬಂದೀತೆಂದು ವರ್ಜೀನಿಯಾದ ಸುದ್ದಿಯನ್ನು ದಿನವೂ ಹೆದರಿಕೊಂಡೇ ಓದುತ್ತಿದ್ದೆ.