ಕಂಡಕ್ಟರ್ ಕ್ಯಾತಪ್ಪನ ಗಡ್ಡ

ಮಿಡಿಗೇಶಿಯ ಕ್ಯಾತಪ್ಪ ಮಧುಗಿರಿಗೂ ಪಾವಗಡಕ್ಕೂ ನಡುವೆ ಓಡಾಡುವ ಖಾಸಗಿ ಬಸ್ಸಿನ ಕಂಡಕ್ಟರ್ ಆಗಿದ್ದರು. ಅವರ ಮನೆ ನಮ್ಮ ಎದುರಿಗೇ ಇತ್ತು. ಅವರ ಗಡ್ಡದ ಕೂದಲು ಬಲು ಗುಂಗುರು. ಕ್ಷೌರವಾಗಿ ಎರಡು ದಿನ ಕಳೆಯುವಷ್ಟರಲ್ಲಿ ತುಂಡಾದ ಕೂದಲಿನ ತುದಿ ಹೊರಗೆ ಬರುವ ಬದಲು ಬಾಗಿ ಚರ್ಮದೊಳಕ್ಕೇ ಹೋಗುತ್ತಿತ್ತು. ಅಲ್ಲೆಲ್ಲ ಕೆಂಪು ಗುಳ್ಳೆ ಏಳುತ್ತಿತ್ತು. ಕೆಲವು ಕೀವು ತುಂಬಿಕೊಳ್ಳುತ್ತಿದ್ದವು. ಕತ್ತಿನ ಹತ್ತಿರ ಕಾಲರ್ ಉಜ್ಜಿ ಖಾಕಿ ಶರ್ಟಿನ ಮೇಲೆ ಸಣ್ಣ ಸಣ್ಣ ಕಲೆಗಳಾಗುತ್ತಿದ್ದವು. ಅವರ ಹೆಂಡತಿ ಹನುಮಕ್ಕ ಆ ಕಲೆಗಳನ್ನು ತಣ್ಣೀರಿನಲ್ಲಿ ನೆನೆಸಿ ಉಜ್ಜುವುದನ್ನು ನಮ್ಮ ಜಗಲಿಯಿಂದ ನೋಡಬಹುದಿತ್ತು.

ಗುಳ್ಳೆಗಳಿಗೆ ಮದ್ದು ಮಾಡುತ್ತಿದ್ದವರೂ ಹನುಮಕ್ಕನೇ. ಬೇವಿನ ಸೊಪ್ಪು ಹಾಕಿ ಕುದಿಸಿದ ನೀರಿನಲ್ಲಿ ಹಳೆಯ ಪಂಚೆಯ ತುಂಡನ್ನು ಅದ್ದಿ, ಹಿಂಡಿ, ಬಿಸಿ ತಡೆಯುವಷ್ಟಾದ ಮೇಲೆ ಕೆನ್ನೆಗೆ ಒತ್ತುತ್ತಿದ್ದರು. ಚರ್ಮ ಮೆತ್ತಗಾಗಿ ಒಳಗಿನ ಕೂದಲು ಕಪ್ಪು ಗೆರೆಯಂತೆ ಕಾಣಿಸಿದಾಗ, ಬೆಂಕಿಗೆ ಹಿಡಿದು ಆರಿಸಿದ ಸೂಜಿಯ ತುದಿಯಿಂದ ಅದನ್ನು ಮೇಲಕ್ಕೆತ್ತಿ ಬಿಡುತ್ತಿದ್ದರು. ಕೀಳುತ್ತಿರಲಿಲ್ಲ. ಕಿತ್ತರೆ ಮುಂದಿನ ಕೂದಲು ಮತ್ತೆ ಒಳಗೇ ಸುತ್ತಿಕೊಳ್ಳುತ್ತದೆ ಎಂದು ನಮ್ಮವ್ವನಿಗೆ ಹೇಳಿದ್ದರು. ಆಮೇಲೆ ನೀರಿನ ಮಡಕೆಯ ಪಕ್ಕದಲ್ಲಿಟ್ಟು ತಣ್ಣಗಾಗಿಸಿದ ಲೋಳೆಸರದ ತಿರುಳು ಹಚ್ಚುತ್ತಿದ್ದರು. ಯಾರದೋ ಮಾತು ಕೇಳಿ ಒಮ್ಮೆ ನಿಂಬೆಹಣ್ಣು ಉಜ್ಜಿದ್ದರು. ಅವತ್ತು ಕ್ಯಾತಪ್ಪ ಅಂಗಳದಲ್ಲಿ ಕುಣಿದುಬಿಟ್ಟರಂತೆ.

ಈ ಮದ್ದಿನಿಂದ ಉರಿ ಇಳಿಯುತ್ತಿತ್ತು. ಆದರೆ ಮುಂದಿನ ಕ್ಷೌರದವರೆಗೆ ಮಾತ್ರ.

ಗಡ್ಡ ಬಿಟ್ಟಿದ್ದರೆ ಇಷ್ಟು ಕಷ್ಟವೇ ಇರುತ್ತಿರಲಿಲ್ಲ. ಆದರೆ ನಮ್ಮ ಕಡೆ ಮದುವೆಯಾದ ಗಂಡಸು ಗಡ್ಡ ಬಿಟ್ಟರೆ ಜನ ತಿಳಿದುಕೊಳ್ಳುವುದು ಒಂದೇ. ಹೆಂಡತಿ ಬಸುರಿಯಾದರೆ ಹೆರಿಗೆಯಾಗುವವರೆಗೂ ಗಂಡ ಕ್ಷೌರ ಮಾಡಿಸಿಕೊಳ್ಳಬಾರದು. ಹಾಗಾಗಿ ಬಾಯಿಬಿಟ್ಟು ಹೇಳದಿದ್ದರೂ ಗಡ್ಡವೇ ಊರಿಗೆಲ್ಲ ಸುದ್ದಿ ಹೇಳುತ್ತದೆ.

ಎಪ್ಪತ್ತಾರನೇ ಇಸವಿಯಲ್ಲಿ ಕ್ಯಾತಪ್ಪನಿಗೆ ಮೊದಲ ಸಲ ಆ ಗಡ್ಡ ಬಂತು. ಕ್ಷೌರದ ತಿಮ್ಮರಾಯಪ್ಪ ಅವರನ್ನು ಬಸ್‌ಸ್ಟ್ಯಾಂಡಿನಲ್ಲೇ ಹಿಡಿದುಕೊಂಡು, "ನಿನ್ನ ಕೂಸು ಹುಟ್ಟಾಕೆ ಮುಂಚೇನೆ ನನ್ನ ಹೊಟ್ಟೆ ಮೇಲೆ ಹೊಡೀತೈತೆ ಕಣ್ಲಾ ಕ್ಯಾತ. ಒಂದು ಗಿರಾಕಿ ಹೋಯ್ತು" ಎಂದಿದ್ದನಂತೆ. ಪಾವಗಡದ ಕಡೆಯ ತೆಲುಗು ಮಾತಿನ ಹೆಂಗಸರು ಟಿಕೆಟ್ ಕೇಳುವ ಬದಲು "ಎನ್ನೋ ನೆಲ ಕ್ಯಾತಪ್ಪಾ?" ಎಂದು ಎಷ್ಟನೇ ತಿಂಗಳೆಂಬುದನ್ನೇ ಮೊದಲು ಕೇಳುತ್ತಿದ್ದರು. ಕ್ಯಾತಪ್ಪ ನಾಚಿಕೊಂಡು ಟಿಕೆಟ್ ಹರಿಯುತ್ತಿದ್ದರು. ಗಡ್ಡದ ಕೆಳಗೆ ಮುಖ ಪೂರ್ತಿ ವಾಸಿಯಾಯಿತು. ಕೈಯಿಂದ ಕೆನ್ನೆ ಸವರಿಕೊಳ್ಳುವುದು ಅವರಿಗೆ ಆಗ ಅಭ್ಯಾಸವಾಗಿಬಿಟ್ಟಿತು.

ಏಳನೇ ತಿಂಗಳಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ಉಸಿರಿರಲಿಲ್ಲ.

ಸೂತಕ ಕಳೆದ ಮೇಲೆ ತಿಮ್ಮರಾಯಪ್ಪ ಮನೆಗೇ ಬಂದು ಗಡ್ಡ ತೆಗೆದ. ಗಿರಾಕಿ ಹೋಯ್ತು ಎಂದು ಹಾಸ್ಯ ಮಾಡಿದ್ದ ಮನುಷ್ಯ ಆ ದಿನ ಕಾಸು ಮುಟ್ಟದೆ ಹೊರಟುಹೋದ. ಅದೇ ವಾರ ಗುಳ್ಳೆಗಳು ಮತ್ತೆ ಎದ್ದವು. ಬಾಣಂತನದ ಮೈಯಲ್ಲೇ ಹನುಮಕ್ಕ ಬೇವಿನ ನೀರು ಕಾಯಿಸಿದರು.

ಎರಡು ವರ್ಷದ ಮೇಲೆ ಇನ್ನೊಂದು ಗಡ್ಡ ಬಂತು. ಅದು ಸರಿಯಾಗಿ ದಟ್ಟವಾಗುವುದರೊಳಗೆ, ಐದನೇ ತಿಂಗಳಲ್ಲಿ, ಆ ಬಸುರೂ ಹೋಯಿತು. ಇನ್ನು ಬಸುರಾಗುವುದು ಕಷ್ಟ ಎಂದು ಮಧುಗಿರಿಯ ಡಾಕ್ಟರಮ್ಮ ಹೇಳಿದರು.

ಆಮೇಲೆ ಕ್ಯಾತಪ್ಪ ಸೇಫ್ಟಿ ರೇಜರ್ ತಂದುಕೊಂಡು ದಿನಾ ಬೆಳಿಗ್ಗೆ ತಾವೇ ಕ್ಷೌರ ಮಾಡಿಕೊಳ್ಳತೊಡಗಿದರು. ಮೊದಲು ವಾರಕ್ಕೆ ಎರಡು ಸಲ ಆಗುತ್ತಿದ್ದ ಕೆಲಸ ದಿನದ್ದಾಯಿತು. ಹಳೆಯ ಗುಳ್ಳೆ ಮಾಯುವ ಮೊದಲೇ ಅದರ ಮೇಲೆ ಬ್ಲೇಡು ಆಡುತ್ತಿತ್ತು. ದವಡೆ ಊದಿಕೊಂಡಿತು. ಹನುಮಕ್ಕನಿಗೆ ರೇಗುತ್ತಿತ್ತು. ನಾನು ಸಾಯಂಕಾಲ ಹಚ್ಚಿದ್ದನ್ನು ಈ ಮನುಷ್ಯ ಬೆಳಿಗ್ಗೆ ಕೆರೆದು ಹಾಕುತ್ತಾನೆ, ಇದೆಂಥ ಶೋಕಿ ಎಂದು ನಮ್ಮವ್ವನ ಹತ್ತಿರ ಬೈದುಕೊಳ್ಳುತ್ತಿದ್ದರು. ಒಂದು ತಿಂಗಳು ಬ್ಲೇಡು ಮುಟ್ಟಬೇಡ ಎಂದು ಆಸ್ಪತ್ರೆಯಲ್ಲೂ ಹೇಳಿದ್ದರು. ಕ್ಯಾತಪ್ಪ ಯಾರ ಮಾತನ್ನೂ ಕೇಳಲಿಲ್ಲ. ಯಾಕೆಂದೂ ಹೇಳಲಿಲ್ಲ.

ಆ ಕಾರಣ ಹನುಮಕ್ಕನಿಗೆ ಗೊತ್ತಾದದ್ದು ಬಸ್ಸಿನಲ್ಲಿ. ಒಮ್ಮೆ ಜ್ವರ ಬಂದು ಕ್ಯಾತಪ್ಪ ನಾಲ್ಕು ದಿನ ಮಲಗಿದ್ದರು. ಎದ್ದ ದಿನ ತಡವಾಗಿ, ಕ್ಷೌರ ಮಾಡಿಕೊಳ್ಳದೆ ಹಾಗೇ ಡ್ಯೂಟಿಗೆ ಹೋದರು. ತವರಿಗೆ ಹೋಗಲು ಹನುಮಕ್ಕ ಅದೇ ಬಸ್ಸು ಹತ್ತಿ ಹಿಂದಿನ ಸೀಟಿನಲ್ಲಿ ಕೂತಿದ್ದರು. ಮುಂದೆ ಕೂತಿದ್ದ ಈರಕ್ಕ ಎಂಬ ಮುದುಕಿ, ಹನುಮಕ್ಕ ಬಸ್ಸಿನಲ್ಲಿ ಇರುವುದನ್ನು ನೋಡಿರಲಿಲ್ಲ. ಕ್ಯಾತಪ್ಪನ ಕೆನ್ನೆ ನೋಡಿ, "ಏನ್ಲಾ, ಈ ಸಲನಾದ್ರೂ ನಿಂತೈತಾ? ಇಲ್ಲ ಇದನ್ನೂ ಕಳ್ಕೊಂಡವ್ಳಾ?" ಎಂದಳು.

"ಬ್ಲೇಡು ಸಿಗ್ನಿಲ್ಲ ಕಣವ್ವ, ಅಷ್ಟೇಯ" ಎಂದು ಕ್ಯಾತಪ್ಪ ನಕ್ಕರು. "ಗಡ್ಡದ ಮಾತ ನನ್ನತ್ರ ಕೇಳು. ಮನೆತಾವ ಹೋಗಿ ಕೇಳ್ಬ್ಯಾಡ."

ಹನುಮಕ್ಕ ತವರಿಗೆ ಹೋಗಲಿಲ್ಲ. ಮುಂದಿನ ಊರಿನಲ್ಲಿ ಇಳಿದು ನಡೆದುಕೊಂಡೇ ಮನೆಗೆ ಬಂದರು. ಮಾರನೆಯ ಬೆಳಿಗ್ಗೆ ಕ್ಯಾತಪ್ಪ ಕನ್ನಡಿ ಇಟ್ಟುಕೊಂಡು ಕೂತಾಗ ಅವರ ಕೈಯಿಂದ ರೇಜರ್ ಕಿತ್ತುಕೊಂಡರು.

"ಯಾರಿಗೋಸ್ಕರ ಮಕ ಹಿಂಗೆ ಕೊಯ್ಕಂತೀಯ?"

ಕ್ಯಾತಪ್ಪ ಕನ್ನಡಿಯನ್ನು ಬೋರಲು ಹಾಕಿದರು.

"ಕೇಳೋರು ಕೇಳ್ಲಿ ಬುಡು. ನಾನೇ ಹೇಳ್ತೀನಿ."

ಹನುಮಕ್ಕ ಹೇಳಿದರು ಕೂಡ. ಗಡ್ಡ ಬೆಳೆಯುತ್ತಿದ್ದಂತೆ ನೀರಿನ ಬೋರಿನ ಹತ್ತಿರ ಹೆಂಗಸರು ಅವರ ಹೊಟ್ಟೆ ನೋಡತೊಡಗಿದರು. ಹನುಮಕ್ಕ ಬಿಂದಿಗೆ ಕೆಳಗಿಟ್ಟು, ಏನೂ ಇಲ್ಲ, ಅವರ ಮುಖಕ್ಕೆ ಗಾಯ, ಅದಕ್ಕೇ ಬಿಟ್ಟಿದ್ದಾರೆ ಎಂದರು. ಮಾರನೆಯ ದಿನ ಇನ್ನೊಬ್ಬರಿಗೆ ಅದೇ ಮಾತು ಹೇಳಿದರು. ಅಂಗಡಿಯಲ್ಲಿ, ಹೊಲದ ದಾರಿಯಲ್ಲಿ, ತಮ್ಮ ಸ್ವಂತ ಅಕ್ಕನಿಗೂ ಹೇಳಬೇಕಾಯಿತು. ಹೇಳುವಾಗ ಅವರ ಧ್ವನಿ ಬದಲಾಗುತ್ತಿರಲಿಲ್ಲ. ಮನೆಗೆ ಬಂದ ಮೇಲೆ ಸ್ವಲ್ಪ ಹೊತ್ತು ತುಂಬಿದ ಬಿಂದಿಗೆಯನ್ನು ಸೊಂಟದಿಂದ ಇಳಿಸದೆ ಹಾಗೇ ನಿಂತಿರುತ್ತಿದ್ದರು ಎಂದು ನಮ್ಮವ್ವ ಹೇಳುತ್ತಾಳೆ.

ಮುಖ ವಾಸಿಯಾಯಿತು. ಗಡ್ಡ ಉಳಿಯಿತು. ಕ್ರಮೇಣ ಬಸ್ಸಿನಲ್ಲಿ ಯಾರೂ ಎಷ್ಟನೇ ತಿಂಗಳು ಎಂದು ಕೇಳದಂತಾದರು. ಬೋರಿನ ಹತ್ತಿರವೂ ಕೇಳುತ್ತಿರಲಿಲ್ಲ. ಅವರಿಬ್ಬರಿಗೂ ಬೇಕಾಗಿದ್ದದ್ದು ಅದೇ. ಆದರೂ ಜನ ಕೇಳುವುದನ್ನು ಬಿಟ್ಟ ಮೇಲೆ ಹನುಮಕ್ಕ ಮೊದಲಿಗಿಂತ ಹೆಚ್ಚು ಸೊರಗಿದರು.

ಎಂಬತ್ತೆರಡರ ಒಂದು ಸಾಯಂಕಾಲ ಕ್ಯಾತಪ್ಪ ಡ್ಯೂಟಿ ಮುಗಿಸಿ ಬಂದು ತಮ್ಮ ಮನೆಯ ಜಗಲಿಯ ಮೇಲೆ ಕೂತರು. ನಮ್ಮವ್ವ ಅಲ್ಲೇ ಹನುಮಕ್ಕನ ಜೊತೆ ಹುಣಸೆಹಣ್ಣು ಬಿಡಿಸುತ್ತಿದ್ದಳು. ಮಧುಗಿರಿಯಲ್ಲಿ ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳು ಬಸ್ಸು ಹತ್ತಿದ್ದಳೆಂದೂ, ಈ ಕಡೆಗೆ ಹೊಸಬಳೆಂದೂ, ಗಡ್ಡ ನೋಡಿ ನಗುತ್ತ, ಅಣ್ಣಾ, ಅತ್ತಿಗೆಗೆ ಎಷ್ಟು ತಿಂಗಳು ಎಂದು ಕೇಳಿದಳೆಂದೂ ಹನುಮಕ್ಕನಿಗೆ ಹೇಳಿದರು.

"ನೀನು ಏನಂದೆ?"

"ಐದು ಅಂದ್ಬುಟ್ಟೆ." ಕ್ಯಾತಪ್ಪ ತಲೆ ಎತ್ತಲಿಲ್ಲ. "ಬಾಯಿಗೆ ಬಂದ್ಬುಡ್ತು ಕಣೆ."

ಹನುಮಕ್ಕ ಅವರ ಹೆಗಲಿನ ಟಿಕೆಟ್ ಚೀಲ ಇಳಿಸಿ ಗೋಡೆಗೆ ಆನಿಸಿದರು.

"ಒಂಬತ್ತು ಅನ್ಬಾರ್ದಾಗಿತ್ತಾ" ಎಂದರು. "ಹೇಳೋದು ಹೇಳ್ದೆ, ಒಂಬತ್ತು ತುಂಬೈತೆ ಅಂತ ಹೇಳ್ಬೇಕಿತ್ತು."

ಆಮೇಲೆ ಒಳಗೆ ಹೋಗಿ ಅವರಿಗೆ ಮುಖ ತೊಳೆಯಲು ನೀರು ತಂದಿಟ್ಟರು.